ಅಮ್ಮನಿಗೆ ಚಾಪೆ, ಮಕ್ಕಳಿಗೆ ಮೈದಾನ

ಊರಿನ ಸಭಾಭವನಗಳಿಗೆ ಈಗ ಮದುವೆ ಮುಹೂರ್ತ ಇಲ್ಲದ ದಿನಗಳಲ್ಲೂ ಬೇಗ ಬೆಳಗಾಗುತ್ತದೆ. ಐದೂವರೆಗೆ ಬಾಗಿಲು ತೆರೆದು ದೀಪ ಹಾಕಿದರೆ ಸಾಕು, ಸುರುಳಿ ಸುತ್ತಿದ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡವರು ಒಬ್ಬೊಬ್ಬರೇ ಬಂದು ಸಾಲಾಗಿ ಕೂರುತ್ತಾರೆ. ಬಂಟ್ವಾಳದ ಕಡೆ ನೋಡಿ, ಬೆಳ್ತಂಗಡಿಯ ಕಡೆ ನೋಡಿ, ಮೂಡುಬಿದಿರೆಗೆ ಹೋಗಿ, ದೃಶ್ಯ ಹೆಚ್ಚು ಕಡಿಮೆ ಒಂದೇ. ಬರುವವರಲ್ಲಿ ನಲವತ್ತು ದಾಟಿದ ಹೆಂಗಸರೇ ಜಾಸ್ತಿ. ಮನೆಯಲ್ಲೇ ಚಾವಡಿಯ ಮೂಲೆಯಲ್ಲಿ ಫೋನನ್ನು ಗೋಡೆಗೆ ಒರಗಿಸಿ, ಅದರಲ್ಲಿ ಬರುವ ಟೀಚರ್ ಹೇಳಿದಂತೆ ಕೈಕಾಲು ಎತ್ತುವವರ ಲೆಕ್ಕ ಬೇರೆ. ಯೋಗಾಸನ, ಪಿಲಾಟೆಸ್, ಸ್ಟ್ರೆಚಿಂಗ್, ಬಿರುಸು ನಡಿಗೆ ಎಂದು ಹೆಸರು ಯಾವುದೇ ಇರಲಿ, ಇವುಗಳದ್ದೆಲ್ಲ ಒಂದೇ ಜಾತಿ. ಇಲ್ಲಿ ಓಡುವುದಿಲ್ಲ, ಹಾರುವುದಿಲ್ಲ, ಧೊಪ್ಪನೆ ನೆಲಕ್ಕೆ ಬೀಳುವುದಿಲ್ಲ. ಇಂಗ್ಲಿಷಿನವರು ಇದನ್ನು ‘ಲೋ ಇಂಪ್ಯಾಕ್ಟ್’ ಎನ್ನುತ್ತಾರೆ. ಪೆಟ್ಟಿಲ್ಲದ ವ್ಯಾಯಾಮ ಎಂದರೆ ಅರ್ಥ ಸರಿಯಾಗಿ ಕೂರುತ್ತದೆ.

ಜನಕ್ಕೆ ಇದು ಹಿಡಿಸಿದ್ದು ಒಳ್ಳೆಯದೇ. ಆದರೆ ಇತ್ತೀಚೆಗೆ ಇದರ ಬೆನ್ನಿಗೇ ಇನ್ನೊಂದು ಮಾತು ಕೇಳಿಬರುತ್ತಿದೆ. “ಮಗ ಈ ವರ್ಷ ಹತ್ತನೆಯದು. ಕ್ರಿಕೆಟ್ ಬಿಡಿಸಿದ್ದೇವೆ. ಬೆಳಿಗ್ಗೆ ಅರ್ಧ ಗಂಟೆ ಯೋಗ ಮಾಡುತ್ತಾನೆ, ಅಷ್ಟು ಸಾಕಲ್ಲ?” “ಮಗಳು ದೊಡ್ಡವಳಾದಳು. ಇನ್ನು ಓಟ, ಹಾರಾಟ ಯಾಕೆ? ನನ್ನ ಜೊತೆಗೇ ಚಾಪೆ ಹಾಕಿ ಕೂರುತ್ತಾಳೆ.” ಹೆತ್ತವರ ಈ ಪ್ರಶ್ನೆಗೆ ಉತ್ತರ ಸಾಕು ಎಂದಲ್ಲ, ಸಾಲದು ಎಂದು. ಅಮ್ಮನ ಮೈಗೆ ಒಗ್ಗಿದ್ದು ಮಕ್ಕಳ ಮೈಗೂ ಒಗ್ಗುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಅಮ್ಮನಿಗೆ ಸಾಕಾಗುವುದು ಮಕ್ಕಳಿಗೆ ಸಾಕಾಗುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಮೊದಲು ಈ ‘ಪೆಟ್ಟು’ ಎಂದರೇನು ಎಂದು ನೋಡಬೇಕು.

ನಡೆಯುವಾಗ ಯಾವಾಗಲೂ ಒಂದು ಕಾಲಾದರೂ ನೆಲದ ಮೇಲಿರುತ್ತದೆ. ಪಾದದ ಮೇಲೆ ಬೀಳುವ ಭಾರ ದೇಹದ ತೂಕಕ್ಕಿಂತ ತುಸು ಹೆಚ್ಚು, ಅಷ್ಟೆ. ಓಡುವಾಗ ಹಾಗಲ್ಲ. ಪ್ರತಿ ಹೆಜ್ಜೆಯ ನಡುವೆ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿರುತ್ತವೆ. ಇಳಿದಾಗ ತೂಕದ ಎರಡು, ಮೂರು ಪಟ್ಟು ಬಲ ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರುತ್ತದೆ. ಅರುವತ್ತು ಕಿಲೋ ತೂಕದವರ ಕಾಲಿಗೆ ಒಂದೊಂದು ಹೆಜ್ಜೆಗೂ ನೂರಿಪ್ಪತ್ತರಿಂದ ನೂರೆಂಬತ್ತು ಕಿಲೋ. ಎತ್ತರದಿಂದ ಹಾರಿ ಇಳಿದರೆ ಇನ್ನೂ ಹೆಚ್ಚು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಧೀಂಗಿಣ ಹಾಕುವ ಪುಂಡುವೇಷವನ್ನು ನೆನಪಿಸಿಕೊಂಡರೆ ಸಾಕು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಹಾರಿ, ಗಾಳಿಯಲ್ಲೇ ತಿರುಗಿ, ಇಳಿದದ್ದೇ ಮತ್ತೆ ಹಾರುವ ಆ ಹುಡುಗನ ಕಾಲಿಗೆ ಒಂದು ರಾತ್ರಿಯಲ್ಲಿ ಬೀಳುವ ಪೆಟ್ಟೆಷ್ಟು! ಇಪ್ಪತ್ತರ ಹರೆಯದಲ್ಲಿ ಅದನ್ನು ನುಂಗಿಕೊಳ್ಳುವ ಮಂಡಿ ಐವತ್ತರಲ್ಲಿ ನುಂಗುವುದಿಲ್ಲ. ಅದಕ್ಕೇ ಹೆಚ್ಚಿನ ಕಲಾವಿದರು ವಯಸ್ಸಾದಂತೆ ಪುಂಡುವೇಷ ಬಿಟ್ಟು ಬೇರೆ ವೇಷಗಳಿಗೆ ಹೋಗುವುದು.

ಈಗ ಅಮ್ಮಂದಿರ ಮಂಡಿಯ ವಿಚಾರ. ಈ ಮೂರು ಊರುಗಳ ಸುತ್ತಿನ ಹಳ್ಳಿಗಳಲ್ಲಿ ಒಂದೆರಡು ತಲೆಮಾರಿನ ಹೆಂಗಸರು ಮಕ್ಕಳ ಶಾಲೆಯ ಫೀಸು, ಪುಸ್ತಕದ ಹಣ ದುಡಿದದ್ದು ನೆಲದ ಮೇಲೆ ಕೂತುಕೊಂಡೇ. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ದಿನಕ್ಕೆ ಇಷ್ಟು ನೂರು ಬೀಡಿ ಎಂದು ಲೆಕ್ಕ ಇಟ್ಟು, ಕತ್ತು ಬಗ್ಗಿಸಿ, ಕಾಲು ಚಾಚಿ ಅಥವಾ ಮಡಚಿ ಗಂಟೆಗಟ್ಟಲೆ ಕೂರುವ ಕೆಲಸ ಅದು. ಈಗ ಬೀಡಿ ಕಟ್ಟುವವರು ಕಡಿಮೆಯಾಗಿದ್ದಾರೆ. ಆದರೆ ಬೆನ್ನು ಅದನ್ನು ಮರೆಯುವುದಿಲ್ಲ. ಅಡಿಕೆ ಇರುವ ಮನೆಯಾದರೆ ಮೆಟ್ಟುಕತ್ತಿಯ ಮುಂದೆ ಕೂತು ಸುಲಿಯುವ ಕೆಲಸ ಬೇರೆ. ಇದೆಲ್ಲ ದುಡಿತವೇ, ಸಂದೇಹವಿಲ್ಲ. ಆದರೆ ವ್ಯಾಯಾಮ ಅಲ್ಲ. “ದಿನವಿಡೀ ಕೆಲಸ ಮಾಡುವವಳಿಗೆ ಬೇರೆ ವ್ಯಾಯಾಮ ಯಾಕೆ?” ಎಂದು ಮನೆಯ ಗಂಡಸರು ಕೇಳುವುದುಂಟು. ಒಂದೇ ಭಂಗಿಯಲ್ಲಿ ಒಂದೇ ಕೆಲಸ ಮಾಡಿದ ಮೈಯಲ್ಲಿ ಕೆಲವು ಸ್ನಾಯುಗಳು ದಣಿದಿರುತ್ತವೆ, ಕೆಲವು ಕೆಲಸವೇ ಇಲ್ಲದೆ ಸೊರಗಿರುತ್ತವೆ. ಕತ್ತು, ಸೊಂಟ ಮೊದಲನೆಯ ಗುಂಪು. ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯು ಎರಡನೆಯದು. ತೊಡೆಯ ಮುಂಭಾಗದ ಸ್ನಾಯು ಬಲ ಕಳೆದುಕೊಂಡರೆ ಮೆಟ್ಟಿಲು ಇಳಿಯುವಾಗ ಭಾರವೆಲ್ಲ ಮಂಡಿಯ ಮೇಲೆಯೇ ಬೀಳುತ್ತದೆ. ಬಂಟ್ವಾಳದವರು ಕಾರಿಂಜದ ಬೆಟ್ಟ ಹತ್ತಿದ್ದನ್ನು, ಬೆಳ್ತಂಗಡಿಯವರು ಗಡಾಯಿಕಲ್ಲು ಹತ್ತಿದ್ದನ್ನು ನೆನಪಿಸಿಕೊಳ್ಳಲಿ. ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಮಂಡಿ ಮಾತಾಡುತ್ತದೆ.

ಇಂಥ ಮಂಡಿಗೆ ಪೆಟ್ಟಿಲ್ಲದ ವ್ಯಾಯಾಮ ಬರೀ ಷೋಕಿ ಅಲ್ಲ, ಮದ್ದು. ಸವೆದ ಮಂಡಿಗೆ ಮೊದಲ ಚಿಕಿತ್ಸೆಯೇ ವ್ಯಾಯಾಮ ಎಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ವಿಶ್ರಾಂತಿ ಅಲ್ಲ. ನೋವಿದೆ ಎಂದು ಕೂತವರ ತೊಡೆ ಇನ್ನಷ್ಟು ಸೊರಗಿ ನೋವು ಇನ್ನಷ್ಟು ಜಾಸ್ತಿಯಾಗುತ್ತದೆ.

ಪೆಟ್ಟಿಲ್ಲದ ವ್ಯಾಯಾಮದ ಕೀರ್ತಿ ಹಬ್ಬಿದ ಕತೆಯೂ ಸ್ವಾರಸ್ಯದ್ದೇ. ಅಮೆರಿಕದಲ್ಲಿ 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯರು ‘ಏರೋಬಿಕ್ಸ್’ ಎಂಬ ಪುಸ್ತಕ ಬರೆದು ಜನರನ್ನು ಓಡಿಸಿದರು. 1982ರಲ್ಲಿ ಚಿತ್ರನಟಿ ಜೇನ್ ಫಾಂಡಾ ಅವರ ವಿಡಿಯೋ ಕ್ಯಾಸೆಟ್ ಬಂದು ಹೆಂಗಸರೆಲ್ಲ ಟಿ.ವಿ. ಮುಂದೆ ಕುಣಿದರು. ಕುಣಿದು ಕುಣಿದು ಮೊಣಕಾಲಿನ ಕೆಳಗಿನ ಎಲುಬು, ಹಿಮ್ಮಡಿ ನೋಯಿಸಿಕೊಂಡ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ, ಹಾರದೆ ಮಾಡುವ ಏರೋಬಿಕ್ಸ್ ಹುಟ್ಟಿತು. ಪಿಲಾಟೆಸ್ ಇದಕ್ಕಿಂತ ಹಳೆಯದು. ಜೋಸೆಫ್ ಪಿಲಾಟೆಸ್ ಎಂಬ ಜರ್ಮನ್, 1883ರಲ್ಲಿ ಹುಟ್ಟಿದವನು, ಬಾಲ್ಯದಲ್ಲಿ ರೋಗಿಷ್ಠ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ತಪ್ಪಿಗೆ ಶತ್ರುದೇಶದವನೆಂದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಲ್ಪಟ್ಟ. ಜಾಗವಿಲ್ಲದ ಕಡೆ ನೆಲದ ಮೇಲೆ ಮಲಗಿ ಮಾಡಬಹುದಾದ ವ್ಯಾಯಾಮಗಳನ್ನು ಅಲ್ಲಿ ಬೆಳೆಸಿದ, ಜೊತೆಯವರಿಗೂ ಕಲಿಸಿದ ಎನ್ನುತ್ತಾರೆ. 1926ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ ಕಾಲು ಉಳುಕಿಸಿಕೊಂಡ ಬ್ಯಾಲೆ ನರ್ತಕಿಯರು ಅವನ ಶಿಷ್ಯರಾದರು. ಅಂದರೆ ಒಂದು ಹುಟ್ಟಿದ್ದು ಹಾರಿ ನೋಯಿಸಿಕೊಂಡವರಿಗಾಗಿ, ಇನ್ನೊಂದನ್ನು ಊರ್ಜಿತಗೊಳಿಸಿದವರೂ ಅಂಥವರೇ. ಹಾರಲೇ ಇಲ್ಲದವರಿಗಾಗಿ ಹುಟ್ಟಿದ್ದಲ್ಲ ಎಂಬುದನ್ನು ಸ್ವಲ್ಪ ಗಮನದಲ್ಲಿಟ್ಟುಕೊಳ್ಳಬೇಕು.

ಹೊರದೇಶದ ಕತೆ ಯಾಕೆ, ಮೈಸೂರಿನದೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಗುರುಗಳು ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗ ಸೀಮೆಯವರು. ಅವರು ಕನ್ನಡದಲ್ಲಿ ಬರೆದ ‘ಯೋಗ ಮಕರಂದ’ 1934ರಲ್ಲಿ ಪ್ರಕಟವಾಯಿತು. ಅರಮನೆಯ ಆ ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅರಸು ಮನೆತನದ ಹುಡುಗರು, ಏರುಜವ್ವನದವರು. ಅವರಿಗೆ ಕಲಿಸಿದ್ದು ಕಣ್ಣುಮುಚ್ಚಿ ಕೂರುವ ಯೋಗವಲ್ಲ. ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹಾರಿ ಹೋಗುವ, ಬೆವರು ಕಿತ್ತು ಬರುವ ಯೋಗ. ಆ ದಾರಿಯನ್ನೇ ಮುಂದುವರಿಸಿದ ಶಿಷ್ಯರು ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು. ಅವರ ‘ಅಷ್ಟಾಂಗ ವಿನ್ಯಾಸ’ ಕಲಿಯಲು ಇಂದಿಗೂ ಮೈಸೂರಿಗೆ ಹೊರದೇಶದವರು ಬರುತ್ತಾರೆ.

ಅದೇ ಗುರುಗಳ ಇನ್ನೊಬ್ಬ ಶಿಷ್ಯರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಇವರನ್ನು ಬಾಲ್ಯದಲ್ಲಿ ಮಲೇರಿಯ, ಟೈಫಾಯಿಡ್, ಕ್ಷಯ ಒಂದರ ಮೇಲೊಂದು ಹಿಂಡಿದವು. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಬಳಿ 1934ರಲ್ಲಿ ಮೈಸೂರಿಗೆ ಬಂದಾಗ ಹದಿನೈದರ ಹುಡುಗ, ಬಗ್ಗಿದರೆ ಕೈ ಮೊಣಕಾಲಿನ ಕೆಳಗೆ ಹೋಗುತ್ತಿರಲಿಲ್ಲವಂತೆ. 1937ರಲ್ಲಿ ಪುಣೆಗೆ ಹೋಗಿ, ಮುಂದೆ ಅಲ್ಲಿಯೇ ನಿಂತರು. ಬಗ್ಗಲಾರದ ಮೈಯ ಕಷ್ಟ ಸ್ವತಃ ಗೊತ್ತಿದ್ದ ಕಾರಣವೋ ಏನೋ, ವಯಸ್ಸಾದವರಿಗೆ, ನೋವಿದ್ದವರಿಗೆ ಕುರ್ಚಿ, ಹಗ್ಗ, ಪಟ್ಟಿ, ಮರದ ಇಟ್ಟಿಗೆ ಕೊಟ್ಟು ಆಸನ ಮಾಡಿಸುವ ಕ್ರಮವನ್ನು ಬೆಳೆಸಿದರು. 1966ರ ‘ಲೈಟ್ ಆನ್ ಯೋಗ’ ಅವರನ್ನು ಜಗತ್ತಿಗೆ ಪರಿಚಯಿಸಿತು. 2014ರಲ್ಲಿ ತೀರಿಕೊಳ್ಳುವಾಗ ತೊಂಬತ್ತೈದು ವರ್ಷ. ಒಂದೇ ಗುರುವಿನಿಂದ ಹೊರಟ ವಿದ್ಯೆ ಹುಡುಗರ ಮೈಗೆ ಹಾರುವ ರೂಪದಲ್ಲಿ, ನೊಂದ ಮೈಗೆ ಊರೆಗೋಲು ಹಿಡಿದ ರೂಪದಲ್ಲಿ ಒದಗಿತು. ಮೈ ನೋಡಿ ವಿದ್ಯೆ ಕೊಡುತ್ತಿದ್ದರು. ಇಂದಿನ ಸಭಾಭವನದ ತರಗತಿಗಳಲ್ಲಿ ಹತ್ತು ವರ್ಷದವರಿಗೂ ಅರುವತ್ತು ವರ್ಷದವರಿಗೂ ಒಂದೇ ಪಾಠ ನಡೆಯುವುದನ್ನು ಕಂಡಾಗ ಆ ಹಳಬರ ವಿವೇಕ ನೆನಪಾಗುತ್ತದೆ.

ಯೋಗದ ಮಟ್ಟಿಗೆ ಹೇಳುವುದಾದರೆ ಈ ಸೀಮೆಗೆ ಅದು ಮೊನ್ನೆ ಬಂದದ್ದಲ್ಲ. ವಿಶ್ವಸಂಸ್ಥೆ 2014ರ ದಶಂಬರದಲ್ಲಿ ಒಪ್ಪಿ, 2015ರ ಜೂನ್ 21ರಂದು ಮೊದಲ ಅಂತಾರಾಷ್ಟ್ರೀಯ ಯೋಗ ದಿನ ನಡೆಯುವುದಕ್ಕೆ ಕಾಲು ಶತಮಾನ ಮೊದಲೇ, 1989ರಲ್ಲಿ, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಆರಂಭವಾಗಿತ್ತು. ಧರ್ಮಸ್ಥಳದ ಶಾಂತಿವನದಲ್ಲಿ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆ ಇದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯಲ್ಲೂ ಇಂಥದೇ ಕಾಲೇಜು ಇದೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ಮಕ್ಕಳು ಇಲ್ಲಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ ಓದುತ್ತಾರೆ. ಇಷ್ಟು ವರ್ಷ ಓದಬೇಕಾದ ವಿದ್ಯೆಯನ್ನು ಫೋನಿನಲ್ಲಿ ಮೂವತ್ತು ಸೆಕೆಂಡಿನ ತುಣುಕು ನೋಡಿ ಕಲಿತೆ ಎನ್ನುವವರ ಧೈರ್ಯ ಮೆಚ್ಚಬೇಕಾದದ್ದೇ!

ಹಾಗೆಂದು ಪೆಟ್ಟಿಲ್ಲದ್ದೆಲ್ಲ ಸುಲಭ ಎಂದು ತಿಳಿಯುವುದೂ ತಪ್ಪು. ಮೂಡುಬಿದಿರೆಯ ಆಳ್ವಾಸ್ ವಿದ್ಯಾರ್ಥಿಗಳ ಮಲ್ಲಕಂಬ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನುಣ್ಣಗಿನ ಕಂಬವನ್ನು ತೊಡೆಯಲ್ಲಿ ಹಿಡಿದು, ತಲೆಕೆಳಗಾಗಿ, ಕೈ ಬಿಟ್ಟು ನಿಲ್ಲುವ ಹುಡುಗನ ಮಂಡಿಗೆ ಆಗ ಪೆಟ್ಟೇ ಇಲ್ಲ. ಆದರೆ ಮೈಯ ಒಂದೊಂದು ಸ್ನಾಯುವೂ ಬಿಗಿದ ತಂತಿ. ಇದೇ ಊರಿನ ಕಡಲಕೆರೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳದಲ್ಲಿ ಕೋಣ ಓಡಿಸುವವರನ್ನು ನೋಡಿ. ಕೆಸರು ಪಾದದ ಪೆಟ್ಟನ್ನು ತಾನೇ ನುಂಗುತ್ತದೆ. ಆದರೆ ಹೂತ ಕಾಲನ್ನು ಕಿತ್ತು ಮುಂದಿಡಲು ಗಟ್ಟಿ ನೆಲಕ್ಕಿಂತ ಎಷ್ಟೋ ಹೆಚ್ಚು ಬಲ ಬೇಕು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಹತ್ತಿರದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಪತ್ರಿಕೆಗಳು ಉಸೇನ್ ಬೋಲ್ಟ್‌ಗೆ ಹೋಲಿಸಿ ಕುಣಿದಾಡಿದವು. ಕೋಣದ ಜೊತೆಗಿನ ಓಟವನ್ನು ಟ್ರ್ಯಾಕಿನ ಓಟಕ್ಕೆ ಹೋಲಿಸಬಾರದೆಂದು ಅವರೇ ಹೇಳಿದರು. ಓಡಿದವರಿಗಿದ್ದ ತೂಕ ಬರೆದವರಿಗಿರಲಿಲ್ಲ.

ಈಗ ಮಕ್ಕಳ ವಿಷಯಕ್ಕೆ ಬರೋಣ.

ಎಲುಬು ಎಂದರೆ ಒಣಗಿದ ಕಟ್ಟಿಗೆಯಲ್ಲ, ಜೀವಂತ ಅಂಗ. ದಿನವೂ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಕಟ್ಟಿಕೊಳ್ಳುತ್ತದೆ. ಎಲ್ಲಿ ಕಟ್ಟಬೇಕು, ಎಷ್ಟು ಕಟ್ಟಬೇಕು ಎಂದು ಅದಕ್ಕೆ ತಿಳಿಯುವುದು ಅದರ ಮೇಲೆ ಬೀಳುವ ಭಾರ ಮತ್ತು ಪೆಟ್ಟಿನಿಂದ. ಟೆನಿಸ್ ಆಟಗಾರರ ಬ್ಯಾಟು ಹಿಡಿಯುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪಗಿರುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಸೊಂಟ, ಕಾಲಿನ ಎಲುಬು ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ. ಹೆಣ್ಣುಮಕ್ಕಳಲ್ಲಿ ಹದಿನೆಂಟು, ಗಂಡುಮಕ್ಕಳಲ್ಲಿ ಇಪ್ಪತ್ತು ವರ್ಷದ ಹೊತ್ತಿಗೆ ಜೀವಮಾನದ ಎಲುಬಿನ ಗಟ್ಟಿತನದ ಸುಮಾರು ಶೇಕಡಾ ತೊಂಬತ್ತರಷ್ಟು ಕೂಡಿಬಂದಿರುತ್ತದೆ. ಆಮೇಲೆ ಉಳಿದದ್ದು ಅಲ್ಪಸ್ವಲ್ಪ. ಮೂವತ್ತು ದಾಟಿದ ಮೇಲೆ ಇಟ್ಟ ಗಂಟಿನಿಂದ ತೆಗೆದು ತಿನ್ನುವುದಷ್ಟೇ. ಹೆಂಗಸರಿಗೆ ಮುಟ್ಟು ನಿಂತ ಮೇಲಂತೂ ಖರ್ಚು ದುಪ್ಪಟ್ಟು ವೇಗದಲ್ಲಿ ಓಡುತ್ತದೆ.

ಹಾಗಾದರೆ ಗಂಟು ಕೂಡಿಡುವ ವಯಸ್ಸಿನಲ್ಲಿ ಯಾವ ವ್ಯಾಯಾಮ? ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಒಂದು ಅಧ್ಯಯನ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ನಡೆದು 2001ರಲ್ಲಿ ಪ್ರಕಟವಾಯಿತು. ಆರರಿಂದ ಹತ್ತು ವರ್ಷದೊಳಗಿನ 89 ಶಾಲಾಮಕ್ಕಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ವಾರಕ್ಕೆ ಮೂರು ದಿನ, ಶಾಲೆಯ ಹೊತ್ತಿನಲ್ಲೇ, ಏಳು ತಿಂಗಳು ವ್ಯಾಯಾಮ. ಒಂದು ಗುಂಪಿನವರು 61 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಿಂದ ಪ್ರತಿ ಸಲ ನೂರು ಬಾರಿ ಜೋಡುಗಾಲಲ್ಲಿ ಕೆಳಗೆ ಹಾರಿದರು. ಇನ್ನೊಂದು ಗುಂಪಿನವರು ಮಾಡಿದ್ದು ಮೈ ಚಾಚುವ, ಪೆಟ್ಟಿಲ್ಲದ ವ್ಯಾಯಾಮ. ಏಳು ತಿಂಗಳ ಕೊನೆಗೆ ಅಳೆದಾಗ, ಚಾಚಿದ ಮಕ್ಕಳಿಗಿಂತ ಹಾರಿದ ಮಕ್ಕಳ ತೊಡೆಯೆಲುಬಿನ ಕತ್ತಿನಲ್ಲಿ ಶೇಕಡಾ 4.5, ಸೊಂಟದ ಬೆನ್ನೆಲುಬಿನಲ್ಲಿ ಶೇಕಡಾ 3.1ರಷ್ಟು ಹೆಚ್ಚು ಖನಿಜ ಕೂಡಿತ್ತು. ತೊಡೆಯೆಲುಬಿನ ಕತ್ತು ಎಂದರೆ ಅಜ್ಜಿಯಂದಿರು ಬಚ್ಚಲಲ್ಲಿ ಜಾರಿ ಬಿದ್ದಾಗ ಮುರಿದುಕೊಳ್ಳುವ ಜಾಗ. ಏಳು ತಿಂಗಳಿಗೆ ಇದು ಸಣ್ಣ ಲಾಭವಲ್ಲ. (ಇದನ್ನು ಓದಿ ಮಕ್ಕಳನ್ನು ಸಿಮೆಂಟಿನ ಜಗಲಿಯಿಂದ ನೂರು ಸಲ ಹಾರಿಸಲು ಹೊರಡಬೇಡಿ. ಅಲ್ಲಿ ಹಾರಿಸಿದವರು ಬಲ್ಲವರು.)

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಲ್ಲೂ ಇದೇ ಭೇದವಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಬಿರುಸು ನಡಿಗೆ, ಚಾಪೆಯ ವ್ಯಾಯಾಮ ಸೇರಿದರೆ ಇದು ಪೂರೈಸುತ್ತದೆ. ಐದರಿಂದ ಹದಿನೇಳು ವರ್ಷದವರಿಗೆ ಹಾಗಲ್ಲ. ದಿನಕ್ಕೆ ಸರಾಸರಿ ಒಂದು ಗಂಟೆ ಉಸಿರು ಏರುವ ಆಟ, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಎಲುಬು ಗಟ್ಟಿಯಾಗುವಂಥದ್ದು. 2019ರಲ್ಲಿ ಪ್ರಕಟವಾದ ಅದೇ ಸಂಸ್ಥೆಯ ಲೆಕ್ಕದ ಪ್ರಕಾರ ಲೋಕದ ಹನ್ನೊಂದರಿಂದ ಹದಿನೇಳರ ಮಕ್ಕಳಲ್ಲಿ ಶೇಕಡಾ 81 ಮಂದಿ ಇಷ್ಟು ಆಡುವುದಿಲ್ಲ. ಹುಡುಗಿಯರಲ್ಲಿ ಅದು 85.

ಹುಡುಗಿಯರ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಏಳನೆಯ ತರಗತಿಯವರೆಗೆ ಗದ್ದೆಯ ಬದುವಿನಲ್ಲಿ ಓಡಿ, ಲಗೋರಿ, ಕುಂಟೆಬಿಲ್ಲೆ ಆಡಿ ಬೆಳೆದ ಹುಡುಗಿ ಎಂಟನೆಯದಕ್ಕೆ ಬಂದದ್ದೇ ಮೈದಾನದ ಅಂಚಿಗೆ ಸರಿಯುತ್ತಾಳೆ. ಯಾರೂ ಬೇಡ ಎನ್ನಬೇಕಾಗಿಲ್ಲ, ತಾನೇ ಸರಿಯುತ್ತಾಳೆ. ಎಲುಬು ಅತ್ಯಂತ ವೇಗವಾಗಿ ಕಟ್ಟಿಕೊಳ್ಳುವ ವರ್ಷಗಳು ಸರಿಯಾಗಿ ಅವೇ. ಮುಂದೆ ಖರ್ಚು ಹೆಚ್ಚಿರುವವಳು ಅವಳೇ, ಕೂಡಿಡುವುದು ಕಡಿಮೆಯಾಗುವವಳೂ ಅವಳೇ. ಅಮ್ಮನ ಪಕ್ಕದಲ್ಲಿ ಚಾಪೆ ಹಾಸಿ ಅವಳನ್ನು ಕೂರಿಸುವುದು ಪ್ರೀತಿಯಿಂದಲೇ ಆದರೂ ಅದರಿಂದ ಈ ನಷ್ಟ ತುಂಬುವುದಿಲ್ಲ. ಥ್ರೋಬಾಲ್, ಕಬಡ್ಡಿ, ಖೋ-ಖೋ ತಂಡಕ್ಕೆ ಅವಳ ಹೆಸರು ಬಂದರೆ “ಬಿಸಿಲಿಗೆ ಕಪ್ಪಾಗುತ್ತಿ” ಎಂಬ ಮಾತು ಮನೆಯಲ್ಲಿ ಏಳದಿರಲಿ. ಬಿಸಿಲಿನಿಂದ ಮೈಯಲ್ಲಿ ಹುಟ್ಟುವ ಡಿ ಜೀವಸತ್ವವೂ ಎಲುಬಿಗೆ ಬೇಕಾದದ್ದೇ.

ಇನ್ನು ಶಾಲೆಗಳು. ವೇಳಾಪಟ್ಟಿಯಲ್ಲಿ ‘ಪಿ.ಟಿ.’ ಎಂದು ಬರೆದ ಪೀರಿಯಡನ್ನು ದಶಂಬರ ಕಳೆದ ಮೇಲೆ ಗಣಿತದವರೋ ವಿಜ್ಞಾನದವರೋ ಕೇಳಿ ಪಡೆಯುವ ಪದ್ಧತಿ ಹಳೆಯದು. ಡ್ರಿಲ್ ಮಾಸ್ಟ್ರು ಪಾಪ, ಇಲ್ಲ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಹೊಸ ಬೆಳವಣಿಗೆ ಎಂದರೆ ಅದಕ್ಕೊಂದು ಗೌರವದ ನೆಪ ಸಿಕ್ಕಿರುವುದು: “ಬೆಳಿಗ್ಗೆ ಅಸೆಂಬ್ಲಿಯಲ್ಲಿ ಹತ್ತು ನಿಮಿಷ ಯೋಗ ಮಾಡಿಸುತ್ತೇವಲ್ಲ.” ಮಾಡಿಸಲಿ. ಬೆನ್ನು ನೆಟ್ಟಗಾಗುತ್ತದೆ, ಮೈ ಬಗ್ಗುತ್ತದೆ, ಉಸಿರಿನ ಮೇಲೆ ಗಮನ ಬರುತ್ತದೆ, ಪರೀಕ್ಷೆಯ ಮುನ್ನಾದಿನ ಎದೆ ಡವಗುಟ್ಟುವ ಮಕ್ಕಳಿಗೆ ಅದರಿಂದ ಉಪಕಾರ ಇದೆ. ಆದರೆ ಅದು ಆಟದ ಪೀರಿಯಡಿನ ಬದಲಿಗೆ ಬರುವಂಥದ್ದಲ್ಲ, ಜೊತೆಗೆ ಬರುವಂಥದ್ದು. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ, 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕ್ರೀಡಾಕೂಟವೇ ಅಲ್ಲಿ ನಡೆದಿದೆ. ಅಂಥ ಊರಿನ ಮಕ್ಕಳೇ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಚಾಪೆ ಹಾಸಿದರೆ ಏನೆನ್ನುವುದು!

ಆಟ ಬಿಡಿಸುವುದಕ್ಕೆ ಹೆತ್ತವರು ಹೇಳುವ ಇನ್ನೊಂದು ಕಾರಣ ನೋವು. ಹತ್ತರಿಂದ ಹದಿನಾಲ್ಕರ ನಡುವೆ ಭರದಿಂದ ಬೆಳೆಯುವ, ಜೊತೆಗೆ ಒಂದೇ ಆಟವನ್ನು ದಿನವೂ ಆಡುವ ಮಕ್ಕಳಿಗೆ ಮಂಡಿಯ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯಲ್ಲಿ ನೋವು ಬರುವುದುಂಟು. ಎಲುಬು ಬೆಳೆಯುವ ಜಾಗವನ್ನು ಸ್ನಾಯು ಎಳೆಯುವುದರಿಂದ ಬರುವ ನೋವು ಅದು. ಸಾಮಾನ್ಯವಾಗಿ ಬೆಳವಣಿಗೆ ಮುಗಿದಂತೆ ತಾನೇ ಹೋಗುತ್ತದೆ. ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಓಟ ಕಡಿಮೆ ಮಾಡಿ, ಆ ದಿನಗಳಲ್ಲಿ ಸೈಕಲ್ಲು, ಆಸನ, ಚಾಪೆಯ ವ್ಯಾಯಾಮ ಮಾಡಿಸಬಹುದು. ಪೆಟ್ಟಿಲ್ಲದ ವ್ಯಾಯಾಮ ಮಕ್ಕಳಿಗೆ ನಿಜವಾಗಿ ಬೇಕಾಗುವುದು ಇಂಥ ಹೊತ್ತಿನಲ್ಲಿ. ನುರಿತ ಓಟಗಾರರೂ ವಾರದಲ್ಲೊಂದೆರಡು ದಿನ ಕಾಲಿಗೆ ಬಿಡುವು ಕೊಡಲು ಸೈಕಲ್ ತುಳಿಯುತ್ತಾರೆ, ಈಜುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತವರ ಕಾಲಿಗೆ ಬೀಳುವುದು ಹೆಚ್ಚು ಕಡಿಮೆ ಅರ್ಧ ತೂಕ ಮಾತ್ರ. ಈಜು ಎಂದಾಗ ನೇತ್ರಾವತಿ, ಫಲ್ಗುಣಿಯ ಗುಂಡಿಗಳ ಕಡೆ ಮಕ್ಕಳು ಮುಖ ಮಾಡಬಾರದು. ಕಲಿಸುವವರಿರುವ ಕೊಳಕ್ಕೇ ಹೋಗಬೇಕು.

ಅಮ್ಮಂದಿರಿಗೆ ಹೇಳಬೇಕಾದ್ದು ಇನ್ನೂ ಸ್ವಲ್ಪ ಇದೆ. ಮಂಡಿ ನೋವಿದ್ದವರು ವಜ್ರಾಸನಕ್ಕೆ ಹಟ ಹಿಡಿಯಬಾರದು. ಎಲುಬು ಟೊಳ್ಳಾಗಿದೆ ಎಂದು ವೈದ್ಯರು ಹೇಳಿದ್ದರೆ ಸೊಂಟದಿಂದ ಜೋರಾಗಿ ಮುಂದಕ್ಕೆ ಬಗ್ಗುವ ಆಸನ ಬೇಡ. ರಕ್ತದೊತ್ತಡ, ಕತ್ತಿನ ತೊಂದರೆ ಇದ್ದವರಿಗೆ ಶೀರ್ಷಾಸನ ಸಲ್ಲದು. ಪಕ್ಕದ ಚಾಪೆಯವರು ಮಾಡಿದರು ಎಂಬುದು ಕಾರಣವಾಗಬಾರದು. ಚಾಪೆ, ತರಗತಿ ಯಾವುದೂ ಇಲ್ಲದವರಿಗೆ ಮನೆಯ ಕುರ್ಚಿಯೊಂದು ಸಾಕು. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ನಿಧಾನ ಎದ್ದು, ಇನ್ನೂ ನಿಧಾನವಾಗಿ ಕೂರುವುದು. ಹತ್ತು ಸಲ, ಸ್ವಲ್ಪ ಬಿಡುವು, ಮತ್ತೆ ಹತ್ತು ಸಲ. ಮಂಡಿಯನ್ನು ಕಾಯುವ ತೊಡೆಯ ಸ್ನಾಯುವಿಗೆ ಇದರಷ್ಟು ಅಗ್ಗದ ಮದ್ದಿಲ್ಲ. ಮಲಗಿ, ಮಂಡಿ ಮಡಚಿ, ಪಾದ ಊರಿ ಸೊಂಟವನ್ನು ಮೇಲೆತ್ತುವ ಸೇತುಬಂಧ ಬೆನ್ನಿಗೆ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ. ಮಾಡುವಾಗ ಸ್ನಾಯು ದಣಿದರೆ ಸರಿ, ಗಂಟು ಚುಚ್ಚಿದರೆ ನಿಲ್ಲಿಸಬೇಕು. ಮಂಡಿ ಊದಿದ್ದರೆ ಮೊದಲು ವೈದ್ಯರ ಬಳಿಗೆ. ನಡಿಗೆ ಹೇಗೂ ಇದೆ. ಲಕ್ಷದೀಪೋತ್ಸವಕ್ಕೆ ಉಜಿರೆಯಿಂದ ಧರ್ಮಸ್ಥಳದವರೆಗೆ ಪಾದಯಾತ್ರೆ ಹೋಗಿ ಬಂದು ಮರುದಿನ ಕಾಲು ಎತ್ತಲಾರದೆ ಮಲಗುವವರು, ಅದಕ್ಕೆ ಎರಡು ತಿಂಗಳು ಮೊದಲೇ ದಿನಕ್ಕೆ ಅರ್ಧ ಗಂಟೆ ನಡೆದಿದ್ದರೆ ಆ ಅವಸ್ಥೆ ಬರುತ್ತಿರಲಿಲ್ಲ.

ಜೂನ್ ಬಂತೆಂದರೆ ಮಕ್ಕಳ ಆಟಕ್ಕೆ ಅಡ್ಡ ಬರುವುದು ಮಳೆ. ನಾಲ್ಕು ತಿಂಗಳು ಮೈದಾನವೆಲ್ಲ ಕೆರೆ. ಆ ನಾಲ್ಕು ತಿಂಗಳಿಗೆ ಶಾಲೆಯ ಜಗಲಿ ಇದೆ, ಮನೆಯ ಚಾವಡಿ ಇದೆ, ಹಗ್ಗದಾಟವಿದೆ. ದಿನಕ್ಕೆ ಹತ್ತು ನಿಮಿಷ, ನಡುನಡುವೆ ನಿಲ್ಲಿಸಿ, ಮುಂಗಾಲಿನ ಮೇಲೆ ಮೆತ್ತಗೆ ಇಳಿಯುವಂತೆ ಹಾರಿದರೆ ಸಾಕು. ಹುಡುಗಿಯರಿಗೂ ಹುಡುಗರಿಗೂ ಒಂದೇ ಹಗ್ಗ. ಅಂಗಡಿಯಿಂದ ಪ್ಲಾಸ್ಟಿಕ್ ಹಿಡಿಕೆಯದ್ದೇ ತರಬೇಕೆಂದಿಲ್ಲ, ಮನೆಯಲ್ಲಿರುವ ನಯವಾದ ಹಗ್ಗವೂ ಆಗುತ್ತದೆ. ಉದ್ದ ಅಳೆಯುವುದು ಹೀಗೆ: ಹಗ್ಗದ ನಡುವನ್ನು ಪಾದದಡಿ ಮೆಟ್ಟಿ ನಿಂತು ಎರಡು ತುದಿಗಳನ್ನು ಮೇಲಕ್ಕೆಳೆದರೆ ಅವು ಕಂಕುಳವರೆಗೆ ಬರಬೇಕು. ಹೆಚ್ಚಾದದ್ದನ್ನು ಗಂಟು ಹಾಕಿ, ಕತ್ತರಿಸಬೇಡಿ. ಮುಂದಿನ ವರ್ಷ ಮಗುವೇ ಎತ್ತರವಾಗುತ್ತದೆ.